ಸೋಮವಾರ ಎಷ್ಟು ಓಡಿದಳು?

ಮಗಳು ಇನ್ನೂ ಶೂ ಬಿಚ್ಚಿರಲಿಲ್ಲ. ಒಂದು ಕೈಯಲ್ಲಿ ಗಣಿತದ ಪುಸ್ತಕ, ಇನ್ನೊಂದರಲ್ಲಿ ಕೋಚ್ ಬರೆದುಕೊಟ್ಟ ಚೀಟಿ. "ಅಮ್ಮಾ, ಎರಡರಲ್ಲೂ ಓಟಾನೇ ಇರೋದು. ಚೀಟಿ ನೋಡಿದ ತಕ್ಷಣ ಅರ್ಥ ಆಗತ್ತೆ. ಪುಸ್ತಕ ಎಷ್ಟು ಸಲ ಓದಿದ್ರೂ ಆಗಲ್ಲ" ಅಂದಳು.

ಪುಸ್ತಕದ ಲೆಕ್ಕ ಹೀಗಿತ್ತು. ಒಬ್ಬ ಓಟಗಾರ್ತಿ ಸೋಮವಾರದಿಂದ ಶುಕ್ರವಾರದವರೆಗೆ ಅಭ್ಯಾಸ ಮಾಡುತ್ತಾಳೆ. ಪ್ರತಿದಿನ ಹಿಂದಿನ ದಿನಕ್ಕಿಂತ ಒಂದೂವರೆ ಕಿಲೋಮೀಟರ್ ಜಾಸ್ತಿ ಓಡುತ್ತಾಳೆ. ಐದು ದಿನಕ್ಕೆ ಒಟ್ಟು 40 ಕಿಲೋಮೀಟರ್. ಸೋಮವಾರ ಎಷ್ಟು ಓಡಿದಳು?

ಅವಳು ಆಗಲೇ ಒಂದು ಉತ್ತರ ಬರೆದಿದ್ದಳು. ಸೋಮವಾರದ್ದು ಎಕ್ಸ್. ಐದು ದಿನಕ್ಕೆ ಐದು ಎಕ್ಸ್. ಒಂದೂವರೆ ಐದು ಸಲ ಅಂದರೆ ಏಳೂವರೆ. ಎರಡೂ ಸೇರಿ 40. ಹಾಗಾಗಿ ಎಕ್ಸ್ ಆರೂವರೆ. ಬಿಡಿಸಿದ ರೀತಿಯಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಆದರೆ ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ 5.

ಈ ನೋವು ನನಗೆ ಚೆನ್ನಾಗಿ ಗೊತ್ತು. ನಾನು ಓದುವಾಗ ಬರೀ ಸಮೀಕರಣ ಕೊಟ್ಟರೆ ಒಂದೇ ಉಸಿರಿಗೆ ಬಿಡಿಸುತ್ತಿದ್ದೆ. ಅದನ್ನೇ ನಾಲ್ಕು ಸಾಲಿನ ಕಥೆ ಮಾಡಿ ಕೊಟ್ಟರೆ ಕೈ ನಿಂತುಬಿಡುತ್ತಿತ್ತು. ಪರೀಕ್ಷೆಯಲ್ಲಿ ಆ ಜಾಗ ಖಾಲಿ ಬಿಟ್ಟು ಬಂದದ್ದೂ ಇದೆ. ಗಣಿತ ನನಗೆ ಬರಲ್ಲ ಅಂತ ತುಂಬಾ ವರ್ಷ ನಂಬಿದ್ದೆ. ಮಗಳ ಜೊತೆ ಕೂತು ಈ ಲೆಕ್ಕಗಳನ್ನು ಮತ್ತೆ ಮಾಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಎಡವುತ್ತಿದ್ದದ್ದು ಗಣಿತ ಶುರುವಾಗುವ ಮುಂಚೆಯೇ ಅಂತ. ಎಕ್ಸ್ ಅಂದರೆ ಏನು ಅಂತ ನಾನು ಯಾವತ್ತೂ ಪೂರ್ತಿ ಹೇಳಿಕೊಂಡಿರಲಿಲ್ಲ.

ಅದಕ್ಕೆ ಮೊದಲು ಅವಳನ್ನು ಕೇಳಿದ್ದೂ ಅದನ್ನೇ. "ಎಕ್ಸ್ ಅಂದ್ರೆ ಏನು ಪುಟ್ಟಿ?"

"ಸೋಮವಾರ."

"ಸೋಮವಾರ ಒಂದು ದಿನ ಕಣೇ. ದಿನವನ್ನ ಐದರಿಂದ ಗುಣಿಸೋಕಾಗತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಿಧಾನಕ್ಕೆ, "ಸೋಮವಾರ ಅವಳು ಓಡಿದ ದೂರ, ಕಿಲೋಮೀಟರಲ್ಲಿ" ಅಂದಳು. ಅದನ್ನು ಹಾಗೇ ಬರೆಯಲು ಹೇಳಿದೆ. ಎಕ್ಸ್ ಬೇಡ, 'ಸೋ' ಅಂತಲೇ ಇಟ್ಟುಕೊಳ್ಳೋಣ ಅಂದೆ. ಅಕ್ಷರ ಯಾವುದಾದರೇನು, ಅದರ ಪಕ್ಕ ಒಂದು ಪೂರ್ತಿ ವಾಕ್ಯ ಇರಬೇಕು. ಅಳತೆಯ ಹೆಸರೂ ಇರಬೇಕು. ನಮ್ಮ ಹಳೆಯ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್' ಅನ್ನುತ್ತಿದ್ದರು. ಎಷ್ಟೋ ಅಷ್ಟು ಅಂತ ಅರ್ಥ. ಬರೆಯುವಾಗ ಚುಟುಕಾಗಿ 'ಯಾ'. ಗೊತ್ತಿಲ್ಲದ್ದು ಇನ್ನೂ ಇದ್ದರೆ ಬಣ್ಣಗಳ ಹೆಸರು: ಕಾಲಕಕ್ಕೆ 'ಕಾ', ನೀಲಕಕ್ಕೆ 'ನೀ'. 12ನೇ ಶತಮಾನದ ಭಾಸ್ಕರಾಚಾರ್ಯರೂ ಹೀಗೇ ಬರೆದರು. 'ಎಷ್ಟೋ ಅಷ್ಟು' ಅನ್ನುವ ಮಾತು ನನಗೆ ತುಂಬಾ ಇಷ್ಟ. ಗೊತ್ತಿಲ್ಲ ಅಂತ ಒಪ್ಪಿಕೊಂಡೂ ಅದನ್ನು ಕೈಯಲ್ಲಿ ಹಿಡಿದುಕೊಂಡ ಹಾಗಿದೆ.

ಆಮೇಲೆ ಒಂದು ಹಳೆಯ ಕಾಗದದ ಹಿಂಬದಿಯಲ್ಲಿ ಐದು ಗೆರೆ ಎಳೆಯಲು ಹೇಳಿದೆ, ಒಂದರ ಕೆಳಗೊಂದು. ಮೊದಲನೆಯದು ಸೋಮವಾರದ ಓಟ. ಎಷ್ಟುದ್ದ ಅಂತ ಕೇಳಿದಳು. ಗೊತ್ತಿಲ್ಲವಲ್ಲ, ಎಷ್ಟೋ ಅಷ್ಟು ಎಳೆ ಅಂದೆ. ಮೂರು ಬೆರಳಗಲ ಎಳೆದಳು. ಮಂಗಳವಾರದ್ದೂ ಅಷ್ಟೇ ಉದ್ದ, ತುದಿಗೆ ಒಂದು ಪುಟ್ಟ ಬಾಲ. ಆ ಬಾಲವೇ ಒಂದೂವರೆ ಕಿಲೋಮೀಟರ್. ಬುಧವಾರಕ್ಕೆ ಎರಡು ಬಾಲ. ಗುರುವಾರಕ್ಕೆ ಮೂರು. ಶುಕ್ರವಾರದ ನಾಲ್ಕನೇ ಬಾಲ ಎಳೆಯುವಾಗಲೇ ಪೆನ್ಸಿಲ್ ನಿಂತಿತು. ಮೇಲಿಂದ ಕೆಳಗೆ ಎಣಿಸಿದಳು. ಸೊನ್ನೆ, ಒಂದು, ಎರಡು, ಮೂರು, ನಾಲ್ಕು.

"ಹತ್ತು ಬಾಲ! ನಾನು ಐದು ಹಾಕಿದ್ದೆ."

ಹತ್ತು ಬಾಲ ಅಂದರೆ 15 ಕಿಲೋಮೀಟರ್. 5ಸೋ + 15 = 40. 5ಸೋ = 25. ಸೋ = 5. ಅಲ್ಲಿಗೆ ನಿಲ್ಲಬೇಡ, ಉತ್ತರವನ್ನು ಕಥೆಯೊಳಗೆ ವಾಪಸ್ ಹಾಕಿ ನೋಡು ಅಂದೆ. 5, 6.5, 8, 9.5, 11. ಕೂಡಿದರೆ 40. ಅವಳ ಹಳೆಯ ಆರೂವರೆಯನ್ನೂ ಹಾಕಿ ನೋಡಿದೆವು. ಒಟ್ಟು 47.5 ಬಂತು. ಹಾಗೆ ಮೊದಲೇ ಹಾಕಿ ನೋಡಿದ್ದರೆ ಪುಸ್ತಕದ ಕೊನೆಯ ಪುಟ ತಿರುವಿಹಾಕುವ ಅಗತ್ಯವೇ ಇರಲಿಲ್ಲ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡು ನಾನು ಎದ್ದೆ. ಅವಳು ಮಾತ್ರ ಕಾಗದವನ್ನೇ ನೋಡುತ್ತಿದ್ದಳು. ಶುಕ್ರವಾರದ ಎರಡು ಬಾಲದ ಮೇಲೆ ಬೆರಳಿಟ್ಟು ಸೋಮವಾರದ ಹತ್ತಿರ ಎಳೆದು ತಂದಳು. ಗುರುವಾರದ ಒಂದು ಬಾಲ ಮಂಗಳವಾರಕ್ಕೆ. "ಈಗ ಎಲ್ಲಾ ದಿನಾನೂ ಬುಧವಾರದಷ್ಟೇ ಆಯ್ತು ಅಲ್ವಾ ಅಮ್ಮಾ?" ಹೌದು! ಐದು ಬುಧವಾರ ಸೇರಿ 40. ಒಂದು ಬುಧವಾರ 8. ಎರಡು ಬಾಲ ಕಳೆದರೆ ಸೋಮವಾರ 5. ಸಮೀಕರಣ ಬರೆದರೆ 5ಬು = 40, ಅಷ್ಟೇ. ಗೊತ್ತಿಲ್ಲದ್ದು ಅಂತ ಯಾವುದನ್ನು ಆರಿಸಿಕೊಳ್ಳುತ್ತೀವಿ ಅನ್ನುವುದರ ಮೇಲೆ ಅರ್ಧ ಕೆಲಸ ಕಮ್ಮಿಯಾಗುತ್ತದೆ. ಪ್ರಶ್ನೆ ಸೋಮವಾರದ್ದನ್ನು ಕೇಳಿದೆ ಅಂತ ಸೋಮವಾರವನ್ನೇ ಹಿಡಿಯಬೇಕು ಅಂತೇನಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಸಂಜೆ ಮಗಳು ಹೇಳಿಕೊಟ್ಟಳು.

'ಸೋ ಅಂದರೆ ಸೋಮವಾರ' ಅನ್ನುವುದು ಮಕ್ಕಳು ಮಾತ್ರ ಮಾಡುವ ತಪ್ಪಲ್ಲ. ಅಮೆರಿಕದಲ್ಲಿ ಸುಮಾರು 1980ರ ಹೊತ್ತಿಗೆ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ವಾಕ್ಯ ಕೊಟ್ಟಿದ್ದರು: ಈ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್‌ಗಳ ಆರರಷ್ಟು ವಿದ್ಯಾರ್ಥಿಗಳಿದ್ದಾರೆ. ಇದನ್ನು ಸಮೀಕರಣವಾಗಿ ಬರೆಯಿರಿ. ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ತಪ್ಪು ಬರೆದರು. ಹೆಚ್ಚಿನವರು ತಲೆಕೆಳಗಾಗಿ ಬರೆದಿದ್ದರು. ನಮ್ಮ ಮೈದಾನಕ್ಕೆ ತಂದು ಹೇಳುವುದಾದರೆ, ಒಬ್ಬ ಕೋಚ್‌ಗೆ ಆರು ಜನ ಓಟಗಾರರು ಅಂದ ಕೂಡಲೇ ಕೈ 6ಓ = ಕೋ ಅಂತ ಬರೆದುಬಿಡುತ್ತದೆ. ಅಕ್ಷರವನ್ನು ಮನುಷ್ಯನ ಹೆಸರು ಅಂತ ಓದಿದರೆ ಅದು ಸರಿಯಾಗೇ ಕಾಣುತ್ತದೆ. 'ಓ' ಅಂದರೆ ಓಟಗಾರರ ಸಂಖ್ಯೆ ಅಂತ ಓದಿ ನೋಡಿ. ನಾಲ್ಕು ಕೋಚ್ ಇದ್ದರೆ ಓಟಗಾರರು 24 ಇರಬೇಕು. 6ಓ = ಕೋ ಪ್ರಕಾರ 24 ಓಟಗಾರರಿಗೆ 144 ಕೋಚ್‌ಗಳಾಗುತ್ತಾರೆ! ಸರಿಯಾದದ್ದು ಓ = 6ಕೋ.

ಬಾಲ ಎಣಿಸುವ ತಪ್ಪು ಮರುದಿನ ಕೋಚ್ ಕೊಟ್ಟ ಚೀಟಿಯಲ್ಲೂ ಸಿಕ್ಕಿತು. ಅದರಲ್ಲಿ ಹೀಗಿತ್ತು: ವಾರ್ಮ್ ಅಪ್ 1.2 ಕಿಲೋಮೀಟರ್, ಆಮೇಲೆ 400 ಮೀಟರ್ ಜೋರು, ನಡುವೆ 200 ಮೀಟರ್ ಜಾಗಿಂಗ್, ಕೊನೆಗೆ ಕೂಲ್ ಡೌನ್ 1.2. ಒಟ್ಟು 6 ಕಿಲೋಮೀಟರ್. ಎಷ್ಟು ರಿಪೀಟ್, ಅಂದರೆ ಆ 400 ಮೀಟರನ್ನು ಎಷ್ಟು ಸಲ ಓಡಬೇಕು ಅನ್ನುವ ಜಾಗದಲ್ಲಿ ಬೆವರು ಬಿದ್ದು ಅಂಕಿ ಅಳಿಸಿಹೋಗಿತ್ತು. ಒಳ್ಳೆಯ ಲೆಕ್ಕ ತಾನಾಗೇ ಮನೆಗೆ ಬಂದಿತ್ತು. ಈ ಸಲ ಅವಳು ಹುಷಾರಾಗಿದ್ದಳು. ಎನ್ ಸಲ ಓಡಿದರೆ ನಡುವಿನ ಜಾಗಿಂಗ್ ಒಂದು ಕಮ್ಮಿ, ಎನ್ ಅಲ್ಲ ಅಂದಳು. ಐದು ಬೆರಳಿನ ನಡುವೆ ನಾಲ್ಕೇ ಸಂದು. ಹಾಗೆ ಬರೆದು ಬಿಡಿಸಿದರೆ ಉತ್ತರ ಆರೂ ಮತ್ತು ಮೂರನೇ ಒಂದು. ಮುಖ ಸಪ್ಪಗಾಯಿತು. ಮೂರನೇ ಒಂದು ರಿಪೀಟ್ ಯಾರು ಓಡುತ್ತಾರೆ?

ನನಗೆ ಅದು ತಪ್ಪು ಉತ್ತರ ಅಂತ ಅನಿಸಲಿಲ್ಲ. ಸಮೀಕರಣ ವಾಪಸ್ ಒಂದು ಪ್ರಶ್ನೆ ಕೇಳಿತ್ತು, ಅಷ್ಟೇ. ನೀನು ಹೇಳಿದ ಕಥೆಯಲ್ಲಿ ಎಲ್ಲೋ 200 ಮೀಟರ್ ಬಿಟ್ಟುಹೋಗಿದೆ ನೋಡು ಅಂತ. ಕೊನೆಯ ರಿಪೀಟ್ ಮುಗಿಸಿ ಏನು ಮಾಡ್ತೀರಿ ಅಂತ ಕೇಳಿದೆ. "ಅದಾದ್ಮೇಲೂ ಜಾಗ್ ಮಾಡ್ತೀವಲ್ಲ, ಆಮೇಲೆ ಕೂಲ್ ಡೌನ್." ಅಂದರೆ ಇಲ್ಲಿ ಜಾಗಿಂಗ್ ಕೂಡ ಎನ್ ಸಲವೇ. ಒಂದು ರಿಪೀಟ್, ಒಂದು ಜಾಗ್ ಸೇರಿ 600 ಮೀಟರ್. ಆರು ಕಿಲೋಮೀಟರಲ್ಲಿ ವಾರ್ಮ್ ಅಪ್, ಕೂಲ್ ಡೌನ್ ಕಳೆದರೆ ಉಳಿಯುವುದು 3.6. ಆರು ರಿಪೀಟ್. ಪುಸ್ತಕದ ಲೆಕ್ಕದಲ್ಲಿ ಒಂದು ಕಮ್ಮಿ ಎಣಿಸಬೇಕಿತ್ತು, ಇಲ್ಲಿ ಎಣಿಸಬಾರದಿತ್ತು. ಯಾವ ಸೂತ್ರ ನೆನಪಿಟ್ಟುಕೊಂಡರೂ ಇದು ಗೊತ್ತಾಗುವುದಿಲ್ಲ. ಆ ಮೈದಾನದಲ್ಲಿ ಏನು ನಡೆಯುತ್ತದೆ ಅಂತ ಕಣ್ಣ ಮುಂದೆ ತಂದುಕೊಳ್ಳಬೇಕು.

ಟ್ರ್ಯಾಕ್‌ನಲ್ಲೇ ಇಂಥದ್ದೊಂದು ಸೊಗಸಾದ ಲೆಕ್ಕವಿದೆ. 400 ಮೀಟರ್ ಓಟದಲ್ಲಿ ಹೊರಗಿನ ಲೇನ್‌ನವರನ್ನು ಮುಂದೆ ನಿಲ್ಲಿಸುತ್ತಾರಲ್ಲ, ಎಷ್ಟು ಮುಂದೆ? ಲೇನಿನ ಅಗಲ 1.22 ಮೀಟರ್. ಒಂದು ಲೇನ್ ಹೊರಗೆ ಹೋದರೆ ವೃತ್ತದ ತ್ರಿಜ್ಯ ಅಷ್ಟು ಜಾಸ್ತಿ. ಸುತ್ತಳತೆ ಅದರ ಎರಡು ಪೈಯಷ್ಟು, ಸುಮಾರು 7.67 ಮೀಟರ್ ಜಾಸ್ತಿ. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಇದು ಬದಲಾಗುವುದಿಲ್ಲ. ಕಳೆಯುವಾಗ ಮೂಲ ತ್ರಿಜ್ಯ ತಾನಾಗೇ ಹೊರಟುಹೋಗುತ್ತದೆ. ಮೊದಲ ಸಂದು ಮಾತ್ರ ಸ್ವಲ್ಪ ಚಿಕ್ಕದು, 7.04 ಮೀಟರ್. ಒಂದನೇ ಲೇನನ್ನು ಒಳಗಿನ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಉಳಿದವನ್ನು ಗೆರೆಯಿಂದ 20 ಬಿಟ್ಟು. ಹಾಗಾಗಿ ಎಂಟನೇ ಲೇನಿನವರು ಒಂದನೆಯವರಿಗಿಂತ ಸುಮಾರು 53 ಮೀಟರ್ ಮುಂದೆ ನಿಲ್ಲುತ್ತಾರೆ. ಎಂಟು ಲೇನ್, ಏಳು ಸಂದು. ಮಗಳು ಮೈದಾನದಲ್ಲಿ ಹೆಜ್ಜೆ ಹಾಕಿ ಅಳೆದು ಬಂದಳು, ಹೆಚ್ಚು ಕಮ್ಮಿ ಸರಿಹೋಯಿತಂತೆ.

ಅಳತೆಯ ವಿಷಯ ಬಂದಾಗ ಒಂದು ಮಾತು ಹೇಳಲೇಬೇಕು. ಓಟದವರು ಪೇಸ್ ಅನ್ನು, ಅಂದರೆ ಒಂದು ಕಿಲೋಮೀಟರ್ ಓಡಲು ಹಿಡಿಯುವ ಸಮಯವನ್ನು, ಕಿಲೋಮೀಟರಿಗೆ ಐದು ಮೂವತ್ತು ಅನ್ನುತ್ತಾರೆ. ಐದು ನಿಮಿಷ, ಮೂವತ್ತು ಸೆಕೆಂಡ್. ನಾಲ್ಕು ಕಿಲೋಮೀಟರಿಗೆ ಎಷ್ಟು ಅಂದರೆ ಮಕ್ಕಳು ಅದನ್ನು 5.30 ಅಂತ ಬರೆದು ನಾಲ್ಕರಿಂದ ಗುಣಿಸುತ್ತಾರೆ, 21.20 ಬರುತ್ತದೆ. ನಿಜವಾದ ಉತ್ತರ 22 ನಿಮಿಷ. ಎಲ್ಲವನ್ನೂ ಸೆಕೆಂಡ್ ಮಾಡಿಬಿಡುವುದು ಒಳ್ಳೆಯದು. ಮ್ಯಾರಥಾನ್ 42.195 ಕಿಲೋಮೀಟರ್. ಎರಡು ಗಂಟೆ ಅಂದರೆ 7200 ಸೆಕೆಂಡ್. ಭಾಗಿಸಿದರೆ ಕಿಲೋಮೀಟರಿಗೆ 170.6 ಸೆಕೆಂಡ್, ಅಂದರೆ 2 ನಿಮಿಷ 50.6 ಸೆಕೆಂಡ್. 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಆ ದೂರ ಓಡಿದ್ದು 1 ಗಂಟೆ 59 ನಿಮಿಷ 40 ಸೆಕೆಂಡ್. ವೇಗ ಹಿಡಿದುಕೊಡುವವರು ಸರದಿಯಲ್ಲಿ ಜೊತೆಗೆ ಓಡಿದ್ದರಿಂದ ಅದು ಅಧಿಕೃತ ದಾಖಲೆ ಆಗಲಿಲ್ಲ. ಲೆಕ್ಕಕ್ಕೆ ಮಾತ್ರ ಅದರಷ್ಟು ಒಳ್ಳೆಯ ಉದಾಹರಣೆ ಇಲ್ಲ. ಕಿಲೋಮೀಟರಿಗೆ ಅರ್ಧ ಸೆಕೆಂಡ್ ಅತ್ತಿತ್ತ ಆದರೆ ಕೊನೆಗೆ 21 ಸೆಕೆಂಡ್ ಅತ್ತಿತ್ತ ಆಗುತ್ತದೆ.

ಪುಸ್ತಕದ ಓಟಗಾರ್ತಿಯ ಬಗ್ಗೆ ಮಗಳಿಗೆ ಇನ್ನೊಂದು ತಕರಾರಿತ್ತು. ಅದು ಗಣಿತದ್ದಲ್ಲ. "ಇವಳು ರೆಸ್ಟ್ ಯಾವಾಗ ತಗೋತಾಳೆ ಅಮ್ಮಾ? ಸೋಮವಾರ ಐದು, ಶುಕ್ರವಾರ ಹನ್ನೊಂದು. ನಮ್ಮ ಕೋಚ್ ಆಗಿದ್ರೆ ಬೈತಿದ್ರು." ನಿಜ. ಯಾವ ಕೋಚ್ ಕೂಡ ಐದು ದಿನ ಏರಿಸುತ್ತಲೇ ಹೋಗುವುದಿಲ್ಲ. ಒಂದು ದಿನ ಕಷ್ಟದ್ದು, ಮರುದಿನ ಹಗುರ. ವಾರದ ಒಟ್ಟು ದೂರವನ್ನು ಹತ್ತು ಪರ್ಸೆಂಟಿಗಿಂತ ಜಾಸ್ತಿ ಏರಿಸಬೇಡಿ ಅನ್ನುವ ರೂಢಿಯ ಮಾತೂ ಇದೆ. ಅದು ಸರಳರೇಖೆಯಲ್ಲ ಅನ್ನುವುದನ್ನು ತುಂಬಾ ಜನ ಗಮನಿಸುವುದಿಲ್ಲ. ವಾರಕ್ಕೆ 20 ಕಿಲೋಮೀಟರಿಂದ ಶುರು ಮಾಡಿ ಪ್ರತಿ ವಾರ ಎರಡೆರಡು ಸೇರಿಸಿದರೆ ಹತ್ತು ವಾರಕ್ಕೆ 40. ಹತ್ತು ಪರ್ಸೆಂಟ್ ಸೇರಿಸುತ್ತಾ ಹೋದರೆ ಹೆಚ್ಚು ಕಮ್ಮಿ 52. ಮೊದಲ ವಾರ ಎರಡೂ ಒಂದೇ ಥರ ಕಾಣುತ್ತವೆ.

ಆ ರಾತ್ರಿ ಅವಳಿಗೆ ಇಂಗ್ಲೆಂಡಿನ ಓಟಗಾರ ರೋಜರ್ ಬ್ಯಾನಿಸ್ಟರ್ ಕಥೆ ಹೇಳಿದೆ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಬೇಕು. ನಾಲ್ಕು ಸುತ್ತು, 240 ಸೆಕೆಂಡ್, ಸುತ್ತಿಗೆ 60. ಅದಕ್ಕಾಗಿ ಅವರು 440 ಗಜದ ಸುತ್ತನ್ನು ಹತ್ತು ಸಲ ಓಡುತ್ತಿದ್ದರು, ನಡುವೆ ಎರಡು ನಿಮಿಷ ಬಿಡುವು. 1953ರ ಡಿಸೆಂಬರ್‌ನಲ್ಲಿ ಸುತ್ತಿಗೆ 66 ಸೆಕೆಂಡ್. 1954ರ ಏಪ್ರಿಲ್ ಹೊತ್ತಿಗೆ 61. ನಾಲ್ಕು ತಿಂಗಳಿಗೆ ಐದು ಸೆಕೆಂಡ್, ತಿಂಗಳಿಗೆ ಒಂದೂಕಾಲು. ಮಗಳು ಕೂಡಲೇ ಬರೆದಳು: 66 − 1.25ತಿ = 60. ತಿಂಗಳು 4.8. ಅಂದರೆ ಇನ್ನು ಮೂರೂವರೆ ವಾರದಲ್ಲಿ ಆಗುತ್ತದೆ.

ಆಗಲಿಲ್ಲ. 61ರಲ್ಲೇ ನಿಂತುಹೋಯಿತು. ಎಷ್ಟು ಕಷ್ಟಪಟ್ಟರೂ ಇಳಿಯಲಿಲ್ಲ. ಆಗ ಬ್ಯಾನಿಸ್ಟರ್ ಓಟ ಬಿಟ್ಟು, ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ಕೆಲವು ದಿನ ಓಟವೇ ಇಲ್ಲ. ವಾಪಸ್ ಬಂದು ಓಡಿದರೆ 59! ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿಗೆ ಮೈಲಿ ಮುಗಿಸಿದರು.

"ಹಾಗಾದ್ರೆ ಸಮೀಕರಣ ಸುಳ್ಳಾ?" ಅಂದಳು. ಸುಳ್ಳಲ್ಲ ಪುಟ್ಟಿ. ಅದೇ ಗೆರೆಯನ್ನು ಇನ್ನೂ ಎಳೆದು ನೋಡು, ಸುತ್ತಿಗೆ ಸೊನ್ನೆ ಸೆಕೆಂಡ್ ಯಾವಾಗ? ಬಿಡಿಸಿದಳು. ಸುಮಾರು 53 ತಿಂಗಳು. ಜೋರಾಗಿ ನಕ್ಕುಬಿಟ್ಟಳು. ಗೆರೆಗೆ ಸುಸ್ತು ಗೊತ್ತಿಲ್ಲ, ಬಿಡುವು ಗೊತ್ತಿಲ್ಲ. ಆದರೆ ಆ ಗೆರೆ ಇದ್ದದ್ದರಿಂದಲೇ ಏಪ್ರಿಲ್‌ನಲ್ಲಿ ಏನೋ ನಿಂತುಹೋಗಿದೆ ಅಂತ ನಮಗೆ ಅಷ್ಟು ಚೆನ್ನಾಗಿ ಕಾಣುತ್ತದೆ.

ನನ್ನ ಓಟಕ್ಕೂ ಒಂದು ಗೆರೆಯ ಲೆಕ್ಕವಿದೆ. ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಬಡಿಯಬಹುದು ಅನ್ನಲು 220ರಲ್ಲಿ ವಯಸ್ಸು ಕಳೆ ಅನ್ನುವ ಸೂತ್ರ 1970ರ ದಶಕದ ಶುರುವಿನಿಂದ ಬಳಕೆಯಲ್ಲಿದೆ. 2001ರಲ್ಲಿ ತನಾಕಾ ಅನ್ನುವ ಸಂಶೋಧಕ ಮತ್ತು ಸಂಗಡಿಗರು ಇನ್ನೊಂದು ಕೊಟ್ಟರು: ವಯಸ್ಸಿನ 0.7ರಷ್ಟನ್ನು 208ರಲ್ಲಿ ಕಳೆ. ಎರಡೂ ಯಾವ ವಯಸ್ಸಿಗೆ ಒಂದೇ ಉತ್ತರ ಕೊಡುತ್ತವೆ? 220 − ವ = 208 − 0.7ವ. ಒಂದೇ ಸಾಲಿನಲ್ಲಿ 12 = 0.3ವ. ವಯಸ್ಸು 40. ಅದಕ್ಕಿಂತ ಚಿಕ್ಕವರಿಗೆ ಹಳೆಯ ಸೂತ್ರ ಜಾಸ್ತಿ ಹೇಳುತ್ತದೆ, ದೊಡ್ಡವರಿಗೆ ಕಮ್ಮಿ. 60ರ ವಯಸ್ಸಿಗೆ ಒಂದು 160 ಅಂದರೆ ಇನ್ನೊಂದು 166. ಎರಡೂ ಸರಾಸರಿಗಳೇ, ಒಬ್ಬೊಬ್ಬರ ಹೃದಯ ಹತ್ತು ಬಡಿತ ಆಚೀಚೆ ಇರಬಹುದು. 44 ದಾಟಿದ ನನಗೆ ಎರಡೂ ಹೆಚ್ಚು ಕಮ್ಮಿ ಒಂದೇ ಹೇಳುತ್ತವೆ ಅನ್ನುವುದು ನೆಮ್ಮದಿ.

ಭಾನುವಾರ ನಾವಿಬ್ಬರೂ ಓಡಲು ಹೋಗುತ್ತೇವೆ. ನಾನು ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಓಡುತ್ತೇನೆ, ಅವಳು 12. ಮೊನ್ನೆ ನಾನು ಆರು ನಿಮಿಷ ಮುಂಚೆ ಹೊರಟೆ. ನನ್ನನ್ನು ಎಲ್ಲಿ ಹಿಡಿಯುತ್ತೀಯ ಅಂತ ಹಿಂದಿನ ರಾತ್ರಿಯೇ ಬರೆದು ಇಡಲು ಹೇಳಿದ್ದೆ. ಅವಳು ಮೊದಲ ಸಾಲಿನಲ್ಲಿ, 'ಸ = ನಾನು ಓಡಿದ ಸಮಯ, ಗಂಟೆಯಲ್ಲಿ' ಅಂತ ಬರೆದಿದ್ದಳು. ಅಮ್ಮನ ಸಮಯ ಸ + 0.1. ಹಿಡಿಯುವ ಹೊತ್ತಿಗೆ ಇಬ್ಬರ ದೂರವೂ ಒಂದೇ. 12ಸ = 9(ಸ + 0.1). ಸ = 0.3. ಹದಿನೆಂಟು ನಿಮಿಷ, 3.6 ಕಿಲೋಮೀಟರ್.

ಬೆಳಿಗ್ಗೆ ಹಿಂದಿನಿಂದ ಅವಳ ಶೂ ಸದ್ದು ಕೇಳಿಸಿದಾಗ ನನ್ನ ವಾಚ್ ನೋಡಿಕೊಂಡೆ. 3.4 ಕಿಲೋಮೀಟರ್ ಅಂತ ತೋರಿಸುತ್ತಿತ್ತು. ಅವಳು ಪಕ್ಕಕ್ಕೆ ಬಂದು, ಉಸಿರು ಬಿಡುತ್ತಲೇ, "ಹದಿನೇಳೇ ನಿಮಿಷ ಅಮ್ಮಾ, ಮುಂಚೆಯೇ ಸಿಕ್ಕಿಬಿಟ್ಟೆ!" ಅಂದಳು. ಆಮೇಲೆ ಮಾತಿಲ್ಲದೆ ಮುಂದೆ ಹೋದಳು. ಏನೋ ಲೆಕ್ಕ ಹಾಕುತ್ತಿದ್ದಾಳೆ ಅಂತ ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ನಾನು ಮನೆ ತಲುಪುವಷ್ಟರಲ್ಲಿ ನೋಟ್‌ಬುಕ್ ತೆರೆದಿತ್ತು. 17 ನಿಮಿಷಕ್ಕೆ 3.4 ಕಿಲೋಮೀಟರ್ ಅಂದರೆ ತಾನು ಓಡಿದ್ದು ಸರಿಯಾಗಿ 12ರ ವೇಗದಲ್ಲೇ ಅಂತ ಮೊದಲು ಬರೆದು ಟಿಕ್ ಹಾಕಿದ್ದಳು. ಅದರ ಕೆಳಗೆ ಹೊಸ ಸಾಲು: 'ಅ = ಅಮ್ಮ ನಿಜವಾಗಿ ಓಡಿದ ವೇಗ, ಗಂಟೆಗೆ ಕಿಲೋಮೀಟರಲ್ಲಿ.' ಅಮ್ಮನ ಸಮಯ 23 ನಿಮಿಷ. 23ನ್ನು 60ರಿಂದ ಭಾಗಿಸಿ, ಅದನ್ನು 'ಅ'ದಿಂದ ಗುಣಿಸಿದರೆ 3.4. ಕೊನೆಯಲ್ಲಿ 8.87 ಅಂತ ಬರೆದು ಅಡಿಗೆರೆ ಎಳೆದಿದ್ದಳು.

"ಮುಂದಿನ ಭಾನುವಾರ ಎಷ್ಟು ನಿಮಿಷ ಮುಂಚೆ ಹೊರಡ್ತೀಯ?" ಅಂತ ಪೆನ್ಸಿಲ್ ಹಿಡಿದುಕೊಂಡೇ ಕೇಳಿದಳು.